ಡ್ಯಾಮ್ ತುಂಬಿತು ಸರಿ, ಕಾಲುವೆ ತುದಿಗೆ ನೀರು ಬಂತಾ?

ಪ್ರತಿ ವರ್ಷ ಮಳೆಗಾಲದಲ್ಲಿ ನಾವು ಟಿವಿಯವರು ಒಂದು ಸುದ್ದಿ ಹಾಕ್ತೀವಿ. ಹಿಡಕಲ್ ಡ್ಯಾಮ್ ಭರ್ತಿ, ಗೇಟ್ ಓಪನ್, ರೈತರ ಮೊಗದಲ್ಲಿ ಸಂತಸ. ಏಪ್ರಿಲ್ ಬಂತು ಅಂದ್ರೆ ಇನ್ನೊಂದು ಸುದ್ದಿ. ಕಾಲುವೆಗೆ ನೀರು ಬಿಡಿ ಅಂತ ರೈತರ ಧರಣಿ. ಹಾಗಾದ್ರೆ ತುಂಬಿದ್ದ ನೀರು ಹೋಗಿದ್ದೆಲ್ಲಿಗೆ? ಬನ್ನಿ, ಲೆಕ್ಕ ಹಾಕೋಣ.

ಘಟಪ್ರಭಾ ನದಿ ಹುಟ್ಟೋದು ಪಶ್ಚಿಮ ಘಟ್ಟದಲ್ಲಿ, ಮಹಾರಾಷ್ಟ್ರದ ನೆಲದಲ್ಲಿ. ಹುಕ್ಕೇರಿ ತಾಲೂಕಿನಲ್ಲಿ ಅದನ್ನು ತಡೆದು ನಿಲ್ಲಿಸಿರೋದೇ ಹಿಡಕಲ್‌ನ ರಾಜಾ ಲಖಮಗೌಡ ಜಲಾಶಯ. ಆದ್ರೆ ನೀರಾವರಿ ಶುರುವಾಗಿದ್ದು ಈ ಡ್ಯಾಮಿನಿಂದಲ್ಲ. ಬ್ರಿಟಿಷರ ಕಾಲದಲ್ಲೇ, 1897ರ ಹೊತ್ತಿಗೆ ಧೂಪದಾಳದಲ್ಲಿ ಒಡ್ಡು ಕಟ್ಟಿ ಕಾಲುವೆಗೆ ನೀರು ಹರಿಸಿದ್ರು. ಅದಕ್ಕೂ ಮೊದಲು 1880ರ ದಶಕದಲ್ಲೇ ಗೋಕಾಕ ಫಾಲ್ಸ್ ನೀರಿನ ಶಕ್ತಿಯಿಂದ ಅಲ್ಲಿಯ ಮಿಲ್ಲು ನಡೆಸಿದ್ರು. ಅಂದ್ರೆ ಈ ನದಿಗೆ ಪಾಲುದಾರರು ನೂರು ವರ್ಷಕ್ಕೂ ಹಿಂದಿನವರು.

ಈಗ ಅಂಕಿ ನೋಡಿ. ಡ್ಯಾಮಿನ ಸಾಮರ್ಥ್ಯ ಸುಮಾರು 51 ಟಿಎಂಸಿ. ಒಂದು ಟಿಎಂಸಿ ಅಂದ್ರೆ ನೂರು ಕೋಟಿ ಘನ ಅಡಿ, ಲೀಟರಿನಲ್ಲಿ ಹೇಳೋದಾದ್ರೆ ಸುಮಾರು 2,830 ಕೋಟಿ ಲೀಟರ್. ಕೇಳೋಕೆ ಸಮುದ್ರ ಅನಿಸುತ್ತೆ. ಇನ್ನು ಈ ಯೋಜನೆಯಡಿ ನೀರುಣ್ಣಬೇಕಾದ ಜಮೀನು ಸುಮಾರು 3.17 ಲಕ್ಷ ಹೆಕ್ಟೇರ್. 51 ಟಿಎಂಸಿಯನ್ನು ಒಂದು ಹನಿ ಬಿಡದೆ ಅಷ್ಟೂ ಜಮೀನಿನ ಮೇಲೆ ಸಮನಾಗಿ ಹರಡಿದ್ರೆ ಎಷ್ಟು ಎತ್ತರ ನಿಲ್ಲುತ್ತೆ ಗೊತ್ತಾ? ಸುಮಾರು 45 ಸೆಂಟಿಮೀಟರ್. ಒಂದೂವರೆ ಅಡಿ. ಅಷ್ಟೇ!

ಜೋಳಕ್ಕೆ ಇದು ಹೆಚ್ಚುಕಡಿಮೆ ಸಾಕು. ಕಬ್ಬಿಗೆ? ಒಂದು ಬೆಳೆಗೆ ಮಳೆಯೂ ಸೇರಿ ಒಂದೂವರೆಯಿಂದ ಎರಡೂವರೆ ಮೀಟರ್ ನೀರು ಬೇಕು. ಮಳೆಗಾಲದಲ್ಲಿ ಹರಿವ ನದಿ ಒಂದಷ್ಟು ಕೊಡುತ್ತೆ, ನಿಜ. ಆದ್ರೆ ಬಿಸಿಲಿಗೆ ಆವಿಯಾಗೋದು, ಕಾಲುವೆಯಲ್ಲಿ ಇಂಗೋದು, ಡ್ಯಾಮಿನ ತಳದಲ್ಲಿ ಉಳಿಯಲೇಬೇಕಾದ್ದು, ಕುಡಿಯೋಕೆ ಬೇಕಾದ್ದು, ಇದನ್ನೆಲ್ಲ ಕಳೆಯಿರಿ. ಈ ಡ್ಯಾಮ್ ನಂಬಿ ಇಡೀ ಅಚ್ಚುಕಟ್ಟಿನಲ್ಲಿ ಕಬ್ಬು ಬೆಳೆಯೋಕೆ ಸಾಧ್ಯವೇ ಇಲ್ಲ.

ಹಾಗಂತ ರೈತನನ್ನು ಬೈಬೇಡಿ. ಕಬ್ಬಿಗೆ ಕೇಂದ್ರ ಸರ್ಕಾರ ದರ ಕಟ್ಟಿದೆ, ಕೊಳ್ಳೋಕೆ ಪಕ್ಕದಲ್ಲೇ ಫ್ಯಾಕ್ಟರಿ ಇದೆ. ಉಳ್ಳಾಗಡ್ಡಿ ಬೆಳೆದವನಿಗೆ ಆ ಧೈರ್ಯ ಯಾರು ಕೊಡ್ತಾರೆ? ಕಾಲುವೆ ತಲೆಯಲ್ಲಿರೋನು ನೀರು ಕಂಡ ಕೂಡಲೇ ಕಬ್ಬು ಹಚ್ಚುತ್ತಾನೆ. ಧೂಪದಾಳದಿಂದ ಹೊರಟ ಎಡದಂಡೆ ಕಾಲುವೆ ಮೂಡಲಗಿ ಭಾಗ ದಾಟಿ ಬಾಗಲಕೋಟೆ ಜಿಲ್ಲೆ ಕಡೆ ಹೋಗೋವಷ್ಟರಲ್ಲಿ ಸೊರಗಿರುತ್ತೆ. ತುದಿಯ ರೈತ ಬೋರ್‌ವೆಲ್ ಕೊರೆಸ್ತಾನೆ, ಸಾಲ ಮಾಡ್ತಾನೆ. ಒಂದೇ ಯೋಜನೆ, ಒಂದೇ ಕಾಲುವೆ, ಎರಡು ಬದುಕು.

ಇನ್ನು ಕೃಷ್ಣಾ ತೀರ್ಪಿನ ವಿಚಾರ. ಘಟಪ್ರಭಾ ಕೃಷ್ಣೆಯ ಉಪನದಿ. ಬಚಾವತ್ ನ್ಯಾಯಮಂಡಳಿ 1970ರ ದಶಕದಲ್ಲಿ ಕರ್ನಾಟಕಕ್ಕೆ 700 ಟಿಎಂಸಿ ಹಂಚಿತು. 2010ರಲ್ಲಿ ಬ್ರಿಜೇಶ್ ಕುಮಾರ್ ನ್ಯಾಯಮಂಡಳಿ 911 ಟಿಎಂಸಿ ಅಂತು. ರಾಜ್ಯ ರಾಜ್ಯಗಳ ನಡುವೆ ಹನಿ ಹನಿಗೂ ಲೆಕ್ಕ, ವಕೀಲರು, ವರ್ಷಗಟ್ಟಲೆ ವಾದ. ಆದ್ರೆ ಒಂದು ತೂಬಿನಿಂದ ಇನ್ನೊಂದು ತೂಬಿಗೆ? ಅಲ್ಲಿ ನ್ಯಾಯಮಂಡಳಿ ಇಲ್ಲ. ಅಲ್ಲಿರೋದು ನೀರಾವರಿ ಸಲಹಾ ಸಮಿತಿ ಸಭೆ, ಶಾಸಕರ ಫೋನು, ರಾತ್ರಿ ಕಾಲುವೆಗೆ ಇಳಿಬೀಳೋ ಪಂಪ್‌ಸೆಟ್ಟು.

ಇದೇ ಕಾರಣಕ್ಕೆ 2025ರಲ್ಲಿ ಹಿಡಕಲ್ ನೀರನ್ನು ಧಾರವಾಡದ ಕೈಗಾರಿಕಾ ಪ್ರದೇಶಕ್ಕೆ ಒಯ್ಯೋ ಪೈಪ್‌ಲೈನ್ ವಿರುದ್ಧ ಬೆಳಗಾವಿ ಸಿಡಿದೆದ್ದಿತು. ಡ್ಯಾಮಿನ ಲೆಕ್ಕದಲ್ಲಿ ಕೇಳಿದ ನೀರು ಚಿಕ್ಕದೇ. ಧಾರವಾಡದವರೂ ನಮ್ಮವರೇ, ಅಲ್ಲಿಯ ಹುಡುಗರಿಗೂ ಕೆಲಸ ಬೇಕು. ಆದ್ರೆ 2002ರ ರಾಜ್ಯ ಜಲನೀತಿಯ ಆದ್ಯತಾ ಪಟ್ಟಿಯಲ್ಲಿ ಮೊದಲು ಕುಡಿಯೋ ನೀರು, ಆಮೇಲೆ ನೀರಾವರಿ ಇತ್ತು, ಕೈಗಾರಿಕೆ ಕೆಳಗಿತ್ತು. ತನ್ನ ತೂಬೇ ಒಣಗಿರೋ ರೈತನಿಗೆ ಅಷ್ಟು ದೂರದ ಪೈಪ್ ಕಂಡ್ರೆ ಹೊಟ್ಟೆ ಉರಿಯಲ್ವಾ? ಸಿಟ್ಟು ಪೈಪಿನ ಮೇಲಷ್ಟೇ ಅಲ್ಲ, ಲೆಕ್ಕ ಕೊಡದ ವ್ಯವಸ್ಥೆ ಮೇಲೆ.

ಇದೇ ನದಿ 2019ರ ಆಗಸ್ಟ್‌ನಲ್ಲಿ ಗೋಕಾಕಕ್ಕೆ ನುಗ್ಗಿ ಮನೆ ಮುಳುಗಿಸಿತು. ಡ್ಯಾಮಿನ ಕೆಳಗೆ ಬಂದು ಸೇರೋ ಹಿರಣ್ಯಕೇಶಿ, ಮಾರ್ಕಂಡೇಯ ನದಿಗಳ ನೀರಿಗೆ ಹಿಡಕಲ್‌ನ ಗೇಟು ಅಡ್ಡ ಬರಲ್ಲ. ಮಳೆಗಾಲದಲ್ಲಿ ಮುಳುಗೋರು ಇವರೇ, ಬೇಸಿಗೆಯಲ್ಲಿ ಬಾಯಾರೋರೂ ಇವರೇ.

ಹಾಗಾದ್ರೆ ಏನು ಮಾಡ್ಬೇಕು? ಹೊಸ ಡ್ಯಾಮ್ ಕೇಳ್ತಿಲ್ಲ. ಪ್ರತಿ ಉಪಕಾಲುವೆಯ ಬಾಯಲ್ಲಿ ನೀರು ಅಳೆಯಿರಿ. ಯಾವ ತೂಬಿಗೆ ಯಾವ ದಿನ ಎಷ್ಟು ಬಿಟ್ರಿ ಅಂತ ಪಂಚಾಯಿತಿ ಬೋರ್ಡಿಗೆ ಹಾಕಿ. ಸರದಿ ತುದಿಯಿಂದ ಶುರುವಾಗಲಿ. ಕಬ್ಬಿಗೆ ಹನಿ ನೀರಾವರಿ ಹಾಕಿಸೋ ಖರ್ಚಲ್ಲಿ ಕಬ್ಬಿನಿಂದ ದುಡಿಯೋ ಫ್ಯಾಕ್ಟರಿಗಳೂ ಪಾಲು ಹೊರಲಿ.

ಮುಂದಿನ ಸಲ ಡ್ಯಾಮ್ ಭರ್ತಿ ಅಂತ ನಾವು ಬ್ರೇಕಿಂಗ್ ಹಾಕಿದಾಗ ಚಪ್ಪಾಳೆ ಹೊಡೆಯೋಕೆ ಮುಂಚೆ ನಿಮ್ಮ ಶಾಸಕರಿಗೆ ಒಂದು ಪ್ರಶ್ನೆ ಕೇಳಿ. ಸಾಹೇಬ್ರೇ, ಕೊನೆಯ ತೂಬಿಗೆ ನೀರು ಯಾವತ್ತು ಬರುತ್ತೆ?