ಹಳೆಯ ಬಿದಿರಿನ ಗಾಳದ ಕೋಲು ಕೊಳ್ಳುವಿರಾ?

ಕೊಡಗಿನ ತೋಟದ ಬಂಗಲೆಗಳ ಹಳೆಯ ಸಾಮಾನು ಮಾರಾಟಕ್ಕೆ ಬಂದಾಗ, ಬಟ್ಟೆಯ ಚೀಲದಲ್ಲಿ ತುಂಡು ತುಂಡಾದ ಗಾಳದ ಕೋಲೂ ಇರುವುದುಂಟು. ಮನೆಯವರು ಅದಕ್ಕೆ ದುಡ್ಡು ಸುರಿಯುವ ಮುಂಚೆ ನೀವೇ ಒಮ್ಮೆ ಪರೀಕ್ಷಿಸಿ, ಸೋದರಿಯರೇ.

ಇದು ಗದ್ದೆ ಬದಿಯ ಬಿದಿರುಕಡ್ಡಿಯಲ್ಲ. ಚೀನಾದ ಟಾಂಕಿನ್ ಬಿದಿರನ್ನು ಸೀಳಿ, ಸಾಮಾನ್ಯವಾಗಿ ಆರು ಪಟ್ಟಿ ಅಂಟಿಸಿ ಮಾಡಿದ್ದು. ಗರಿ, ದಾರಗಳಿಂದ ನೊಣದಂತೆ ಕಟ್ಟಿದ ಹಗುರ ಗಾಳವನ್ನು ಬೀಸುವುದಕ್ಕೆ.

ತುದಿಯ ತುಂಡು ಎರಡಿದ್ದರೆ ಪಕ್ಕಪಕ್ಕ ಹಿಡಿಯಿರಿ. ಒಂದು ಗಿಡ್ಡವಾಗಿದ್ದರೆ ಮುರಿದಿದೆ ಅಂತಲೇ ಲೆಕ್ಕ. ಕೋಲು ಜೋಡಿಸಿ, ಒಂದು ಕಣ್ಣು ಮುಚ್ಚಿ ಬುಡದಿಂದ ನೋಡಿ. ಸ್ವಲ್ಪ ಬಾಗಿದ್ದರೆ ಅಡ್ಡಿಯಿಲ್ಲ. ಪಟ್ಟಿಗಳ ಅಂಟು ಬಿಟ್ಟಿದ್ದರೆ, ಲೋಹದ ಕೀಲು ಅಲುಗಾಡಿದರೆ ಬೇಡ. ರೇಷ್ಮೆ ದಾರ ಸಡಿಲವಾಗಿದ್ದರೆ ಮತ್ತೆ ಸುತ್ತಿ ವಾರ್ನಿಷ್ ಹಚ್ಚಬಹುದು. ಸಂಗ್ರಹಕ್ಕಾದರೆ ತಯಾರಕರ ಹೆಸರು ಮುಖ್ಯ, ಮೀನು ಹಿಡಿಯಲು ಗಟ್ಟಿತನ.

ನಮ್ಮ ಮಳೆಗಾಲದಲ್ಲಿ ಒದ್ದೆ ಚೀಲದಲ್ಲಿಟ್ಟರೆ ಬೂಷ್ಟು ಹಿಡಿಯುತ್ತದೆ. ಒರೆಸಿ, ನೆರಳಲ್ಲಿ ಒಣಗಿಸಿ, ನೇತುಹಾಕಿ. ಒಲೆಯ ಮೇಲಿನ ಅಟ್ಟ ಮಾತ್ರ ಬೇಡ; ಬಿಸಿಗೆ ಅಂಟು ಬಿಡುತ್ತದೆ.

ಕಾವೇರಿಯ ದೊಡ್ಡ ಮಹಸೀರ್ ಮೀನಿಗೆ ಈ ಹಗುರ ಕೋಲು ತಡೆಯದು. ಅದರಲ್ಲೂ ಡುಬ್ಬದ ಮಹಸೀರ್ 2018ರಲ್ಲಿ ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿ ಸೇರಿದೆ. ವಾಲ್ನೂರಿನಲ್ಲಿ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿಯವರು ಹಿಡಿದ ಮೀನನ್ನು ಹೊಳೆಗೇ ಬಿಡುವ ಪದ್ಧತಿ ಬೆಳೆಸಿದರು. ನಿಮ್ಮವರೂ ಅನುಮತಿ ಪಡೆದೇ ಹೊಳೆಗೆ ಹೋಗಲಿ, ಸಣ್ಣ ಮೀನಿಗೆ ಬೀಸಲಿ, ಸಿಕ್ಕಿದ್ದನ್ನು ಬಿಟ್ಟು ಬರಲಿ. ಸಾರಿಗೆ ಬೇಕಾದ ಮೀನು ಸಂತೆಯಲ್ಲಿ ಸಿಗುತ್ತದೆ!