ತಾನೇ ಕಟ್ಟಿದ ಕಾರು

ಕಾರನ್ನು ಕೊಳ್ಳುವವನು ಹಣವನ್ನು ತೆತ್ತು, ಬೀಗದ ಕೈಯನ್ನು ಪಡೆದು, ಅದನ್ನು ಓಡಿಸಿಕೊಂಡು ಮನೆಗೆ ಬರುವುದು ಲೋಕರೂಢಿ. ಇಂಗ್ಲೆಂಡಿನಲ್ಲಿ ಈ ರೂಢಿಗೆ ಹೊರತಾದ ಕೆಲವರುಂಟು. ಅವರು ಕೊಂಡ ಕಾರು ಲಾರಿಯ ಮೇಲೆ ಪೆಟ್ಟಿಗೆಗಳಾಗಿ ಮನೆಯ ಬಾಗಿಲಿಗೆ ಬರುತ್ತದೆ. ಒಂದು ಪೆಟ್ಟಿಗೆಯಲ್ಲಿ ಎಂಜಿನ್, ಇನ್ನೊಂದರಲ್ಲಿ ಚಕ್ರದ ಅಚ್ಚುಗಳು, ಮತ್ತೊಂದರಲ್ಲಿ ದೀಪಗಳು, ಚಿಕ್ಕ ಚಿಕ್ಕ ಚೀಲಗಳಲ್ಲಿ ನೂರಾರು ನಟ್ಟು ಬೋಲ್ಟುಗಳು. ಇವೆಲ್ಲಕ್ಕೂ ಆಧಾರವಾಗಿ ಉಕ್ಕಿನ ಕೊಳವೆಗಳನ್ನು ಬೆಸೆದು ಮಾಡಿದ ಒಂದು ಚೌಕಟ್ಟು. ಇಷ್ಟನ್ನೂ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ ಹರವಿಕೊಂಡು, ತಿಂಗಳುಗಟ್ಟಲೆ ರಜಾದಿನಗಳನ್ನು ಅದಕ್ಕೇ ಮೀಸಲಿಟ್ಟು, ಕೊಂಡವನು ತನ್ನ ಕಾರನ್ನು ತಾನೇ ಕಟ್ಟಿಕೊಳ್ಳುತ್ತಾನೆ. ಕಾರಿನ ಒಡೆಯನೂ ಅವನೇ, ಅದರ ಕಮ್ಮಾರನೂ ಅವನೇ.

ಈ ಪದ್ಧತಿಯು ಬೆಳೆದುಬಂದ ಕಥೆ ಸ್ವಾರಸ್ಯವಾಗಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡಗಳ ರಚನಾಶಾಸ್ತ್ರವನ್ನು ಓದಿದ ಕಾಲಿನ್ ಚಾಪ್‌ಮನ್ ಎಂಬ ತರುಣನು 1948ರಲ್ಲಿ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಬಿಚ್ಚಿ, ಅದರಿಂದ ತನ್ನ ಮೊದಲ ಸ್ಪರ್ಧೆಯ ಕಾರನ್ನು ಕಟ್ಟಿದನು. 1952ರಲ್ಲಿ ಅವನು ಲೋಟಸ್ ಎಂಬ ಹೆಸರಿನಲ್ಲಿ ಒಂದು ಸಂಸ್ಥೆಯನ್ನೇ ತೆರೆದನು. ಕಾರು ಹಗುರವಾದಷ್ಟೂ ಅದರ ಗುಣ ಹೆಚ್ಚುವುದೆಂಬುದು ಅವನ ದೃಢವಾದ ನಂಬಿಕೆ. ರೈಲ್ವೆ ಸೇತುವೆಯಲ್ಲಿ ಉಕ್ಕಿನ ತೊಲೆಗಳನ್ನು ತ್ರಿಕೋನಗಳಾಗಿ ಹೆಣೆದಿರುವುದನ್ನು ಎಲ್ಲರೂ ಕಂಡಿದ್ದಾರೆ. ತ್ರಿಕೋನವು ಭಾರಕ್ಕೆ ಓರೆಯಾಗಿ ಬಾಗದು. ಆದುದರಿಂದ ಕಡಮೆ ಉಕ್ಕಿನಲ್ಲಿ ಹೆಚ್ಚು ಬಲ ದೊರೆಯುತ್ತದೆ. ಕಟ್ಟಡದ ಈ ವಿದ್ಯೆಯನ್ನೇ ಚಾಪ್‌ಮನ್ನನು ಕಾರಿಗೆ ತಂದನು. ತೆಳುವಾದ ಕೊಳವೆಗಳ ಚೌಕಟ್ಟು, ಅದರ ಮೇಲೆ ಅಲ್ಯೂಮಿನಿಯಂ ತಗಡಿನ ಹೊದಿಕೆ, ಫೋರ್ಡ್ ಮೊದಲಾದ ಸಾಮಾನ್ಯ ಕಾರುಗಳ ಎಂಜಿನ್: ಇದಿಷ್ಟೇ ಅವನ ಕಾರು. 1957ರಲ್ಲಿ ಹೊರಬಂದ ‘ಲೋಟಸ್ ಸೆವೆನ್’ ಈ ಬಗೆಯ ಕಾರುಗಳಲ್ಲಿ ಅತ್ಯಂತ ಪ್ರಸಿದ್ಧವಾದುದು. ಅದಕ್ಕೆ ಬಾಗಿಲೆಂಬುದು ಹೆಸರಿಗೆ ಮಾತ್ರ. ಮಾಡೆಂದರೆ ಒಂದು ಬಟ್ಟೆಯ ಹೊದಿಕೆ.

ಬಿಡಿಭಾಗಗಳನ್ನು ಮಾರುವ ಪದ್ಧತಿಗೆ ಆಗಿನ ತೆರಿಗೆಯೇ ಮುಖ್ಯ ಕಾರಣ. ಬ್ರಿಟನ್ನಿನಲ್ಲಿ ಪೂರ್ಣವಾಗಿ ಸಿದ್ಧವಾದ ಕಾರನ್ನು ಕೊಂಡರೆ ಭಾರಿಯಾದ ಖರೀದಿ ತೆರಿಗೆಯನ್ನು ಕೊಡಬೇಕಾಗಿತ್ತು. ಬಿಡಿಭಾಗಗಳಿಗೆ ಆ ತೆರಿಗೆ ಇರಲಿಲ್ಲ. ಆದರೆ ಭಾಗಗಳೊಡನೆ ಅವನ್ನು ಜೋಡಿಸುವ ವಿಧಾನವನ್ನು ಬರೆದು ಕೊಡಬಾರದೆಂದು ನಿಯಮವಿತ್ತು. ಇದಕ್ಕೆ ಕಂಡುಕೊಂಡ ಉಪಾಯವನ್ನು ಕಾರುಪ್ರಿಯರು ಇಂದಿಗೂ ನಗುತ್ತ ಹೇಳುತ್ತಾರೆ. ಜೋಡಿಸುವ ವಿಧಾನವನ್ನು ತಾನೇ ಕೊಡಬಾರದು? ಬಿಚ್ಚುವ ವಿಧಾನವನ್ನು ಕೊಡಬಹುದಲ್ಲವೇ! ಕೊಂಡವನು ಆ ಪುಸ್ತಿಕೆಯನ್ನು ಕೊನೆಯಿಂದ ಮೊದಲಿಗೆ ಓದಿಕೊಂಡರೆ ಸಾಕು. 1973ರಲ್ಲಿ ಖರೀದಿ ತೆರಿಗೆ ಹೋಗಿ ಮೌಲ್ಯವರ್ಧಿತ ತೆರಿಗೆ ಬಂದಾಗ ಈ ಅನುಕೂಲವು ತಪ್ಪಿತು. ಅದೇ ವರ್ಷ ಸೆವೆನ್ ಕಾರನ್ನು ತಯಾರಿಸುವ ಹಕ್ಕು ಸರ್ರೆ ಪ್ರಾಂತದ ಕೇಟರ್‌ಹ್ಯಾಮ್ ಊರಿನ ಸಂಸ್ಥೆಯೊಂದರ ಕೈಸೇರಿತು. ತೆರಿಗೆಯ ಲಾಭವಿಲ್ಲದಿದ್ದರೂ ಕಾರನ್ನು ಕೈಯಾರೆ ಕಟ್ಟುವ ಚಪಲವು ಜನರಲ್ಲಿ ಅಡಗಲಿಲ್ಲ. ಆ ಊರಿನ ಹೆಸರಿನ ಕಾರುಗಳು ಇಂದಿಗೂ ಪೆಟ್ಟಿಗೆಗಳಲ್ಲಿ ಮಾರಾಟವಾಗುತ್ತವೆ.

ಹೀಗೆ ಕಟ್ಟಿದ ಕಾರನ್ನು ಮನಬಂದಂತೆ ರಸ್ತೆಗೆ ತರುವಂತಿಲ್ಲ. 1998ರಿಂದ ಬ್ರಿಟನ್ನಿನಲ್ಲಿ ಇಂತಹ ಒಂದೊಂದು ಕಾರನ್ನೂ ಸರ್ಕಾರದ ಪರೀಕ್ಷಕರು ಪ್ರತ್ಯೇಕವಾಗಿ ಪರೀಕ್ಷಿಸುವ ಏರ್ಪಾಡಾಯಿತು. 2009ರಲ್ಲಿ ಅದಕ್ಕೆ ಈಗಿನ ರೂಪ ಬಂದಿತು. ಬ್ರೇಕು, ದೀಪ, ಹೊಗೆ, ಸದ್ದು ಎಲ್ಲವನ್ನೂ ಅವರು ನೋಡುತ್ತಾರೆ. ಕಾರಿನ ಹೊರಮೈಯ ಅಂಚುಗಳು ಚೂಪಾಗಿರದೆ ಕನಿಷ್ಠ 2.5 ಮಿಲಿಮೀಟರ್ ತ್ರಿಜ್ಯದಷ್ಟು ದುಂಡಾಗಿವೆಯೇ ಎಂಬುದನ್ನು ಕೂಡ ಅಳೆಯುತ್ತಾರೆ. ದಾರಿಹೋಕನೊಬ್ಬನಿಗೆ ಕಾರು ತಗುಲಿದರೆ ಅಂಚು ಅವನನ್ನು ಕೊಯ್ಯಬಾರದಲ್ಲವೇ?

ಪರೀಕ್ಷೆಯಲ್ಲಿ ತೇರ್ಗಡೆಯಾದ ಮೇಲೆ ಒಡೆತನದ ಸುಖದುಃಖಗಳು ಮೊದಲಾಗುತ್ತವೆ. ಕಾರಿನ ತೂಕ 500 ಕಿಲೋಗ್ರಾಂ ಆಸುಪಾಸಿನದು. ಎಂಜಿನ್ ಸಾಧಾರಣವಾದುದೇ ಆದರೂ ಎಳೆಯಬೇಕಾದ ಭಾರ ಕಡಮೆಯಾದುದರಿಂದ ಅದು ಬಾಣದಂತೆ ಚಿಮ್ಮುತ್ತದೆ. ಕುಳಿತವನ ಬೆನ್ನು ನೆಲದಿಂದ ಒಂದು ಗೇಣಿನ ಮೇಲಿರುವಂತೆ ತೋರುತ್ತದೆ. ಮಳೆ ಬಂದರೆ ನೀರು ಒಳಗೆ, ಬಿಸಿಲಾದರೆ ಎಂಜಿನ್ನಿನ ಕಾವು ಕಾಲಿಗೆ. ಜೊತೆಯವನೊಡನೆ ಮಾತಾಡಬೇಕಾದರೆ ಕೂಗಬೇಕು. ಆದರೂ ಇದರ ಒಡೆಯನಿಗೆ ಇದಕ್ಕಿಂತ ಸುಂದರವಾದ ವಾಹನ ಲೋಕದಲ್ಲಿಲ್ಲ. ಹೆತ್ತವರಿಗೆ ಹೆಗ್ಗಣ ಮುದ್ದು ಎಂಬ ಗಾದೆಯನ್ನು ಅವನ ನೆರೆಮನೆಯವರು ನೆನೆಯುತ್ತಿದ್ದರೆ ಆಶ್ಚರ್ಯವಿಲ್ಲ.

ಕಾರು ಕೆಟ್ಟು ನಿಂತಾಗಲೇ ಈ ಒಡೆತನದ ನಿಜವಾದ ಪರೀಕ್ಷೆ. ಕಾರ್ಖಾನೆಯ ಕಾರು ಕೆಟ್ಟರೆ ದುರಸ್ತಿಗಾರನಲ್ಲಿಗೆ ಕಳಿಸಬಹುದು, ತಯಾರಕರನ್ನು ದೂರಬಹುದು. ತಾನೇ ಕಟ್ಟಿದವನು ಯಾರನ್ನು ದೂರಬೇಕು? ದೋಷವು ಬಹುಮಟ್ಟಿಗೆ ಅವನ ಕೈಯದೇ. ಆದರೆ ಒಂದು ಸಮಾಧಾನವುಂಟು: ಯಾವ ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಹೋಗುತ್ತದೆ ಎಂಬುದನ್ನು ಅವನಷ್ಟು ಬಲ್ಲವರು ಬೇರೆ ಯಾರೂ ಇಲ್ಲ.

ಇಂತಹ ಕಾರುಗಳನ್ನು ಹೆಚ್ಚಾಗಿ ಕಾಡುವುದು ವಿದ್ಯುತ್ತಿನ ದೋಷ. ಅದರಲ್ಲಿ ಒಂದನ್ನು ವಿವರವಾಗಿ ನೋಡುವುದು ಉಪಯುಕ್ತ. ಬಲಕ್ಕೆ ತಿರುಗುವೆನೆಂದು ತಿಳಿಸುವ ಸೂಚಕ ದೀಪವನ್ನು ಒಡೆಯನು ಹೊತ್ತಿಸುತ್ತಾನೆ. ಅದು ಬೆಳಗುವುದಿಲ್ಲ, ಬದಲಾಗಿ, ಅದೇ ಗೂಡಿನಲ್ಲಿರುವ ಪಕ್ಕದ ಪುಟ್ಟ ದೀಪ ಮಂಕಾಗಿ ಮಿಣುಕುತ್ತದೆ. ಅವನು ಬಲ್ಬನ್ನು ಬದಲಿಸುತ್ತಾನೆ, ಫಲವಿಲ್ಲ. ಸ್ವಿಚ್ಚನ್ನು ಬದಲಿಸುತ್ತಾನೆ, ಫಲವಿಲ್ಲ. ಹೊಸ ತಂತಿಯನ್ನು ಎಳೆದರೂ ದೀಪವು ಹಾಗೆಯೇ ಮಿಣುಕುತ್ತದೆ. ಹಣವೂ ಹೋಯಿತು, ಭಾನುವಾರವೂ ಹೋಯಿತು. ಇದರ ರಹಸ್ಯವೇನು?

ವಿದ್ಯುತ್ ಪ್ರವಾಹವು ಬ್ಯಾಟರಿಯಿಂದ ಹೊರಟರೆ ಮರಳಿ ಬ್ಯಾಟರಿಗೇ ಸೇರಬೇಕು. ಸಾಮಾನ್ಯ ಕಾರಿನಲ್ಲಿ ಹೋಗುವ ದಾರಿಗೆ ಮಾತ್ರ ತಂತಿಯಿರುತ್ತದೆ. ಬರುವ ದಾರಿ ಕಾರಿನ ಉಕ್ಕಿನ ಮೈಯೇ. ದುರಸ್ತಿಗಾರರು ಈ ಮರಳುವ ದಾರಿಯನ್ನು ‘ಅರ್ತ್’ ಎನ್ನುತ್ತಾರೆ. ಹೆಸರು ಹಾಗಿದ್ದರೂ ಭೂಮಿಗೂ ಅದಕ್ಕೂ ಸಂಬಂಧವಿಲ್ಲ. ಕಾರು ನಿಂತಿರುವುದು ರಬ್ಬರಿನ ಚಕ್ರಗಳ ಮೇಲೆ. ಬಿಡಿಭಾಗಗಳಿಂದ ಕಟ್ಟುವ ಕಾರುಗಳಲ್ಲಿ ಚಕ್ರದ ಮೇಲಿನ ರೆಕ್ಕೆ, ಮೂತಿ ಮೊದಲಾದವು ಅನೇಕವೇಳೆ ಗಾಜಿನ ನಾರಿನಿಂದ ಆದವು. ಅದರಲ್ಲಿ ವಿದ್ಯುತ್ತು ಹರಿಯದು. ಆದುದರಿಂದ ಪ್ರತಿಯೊಂದು ದೀಪಕ್ಕೂ ಮರಳುವ ತಂತಿಯೊಂದನ್ನು ಬೇರೆಯಾಗಿ ತಂದು ಚೌಕಟ್ಟಿಗೆ ಬಿಗಿಯಬೇಕು. ನಮ್ಮ ಒಡೆಯನು ಹಾಗೆಯೇ ಬಿಗಿದಿದ್ದಾನೆ. ಆದರೆ ಚೌಕಟ್ಟು ತುಕ್ಕು ಹಿಡಿಯದಿರಲೆಂದು ಅದಕ್ಕೆ ಗಟ್ಟಿಯಾದ ಬಣ್ಣವಿದೆ. ಬಣ್ಣವೂ ವಿದ್ಯುತ್ತಿಗೆ ಗೋಡೆಯೇ! ಬೋಲ್ಟು ಭದ್ರವಾಗಿದೆ, ತಂತಿಯೂ ಹೊಸದಾಗಿದೆ; ನಡುವಣ ಬಣ್ಣದ ಪದರವೊಂದು ದಾರಿಯನ್ನು ಮುಚ್ಚಿಬಿಟ್ಟಿದೆ. ನೇರವಾದ ದಾರಿಯನ್ನು ಕಾಣದ ಪ್ರವಾಹವು ಅದೇ ಗೂಡಿನ ಪುಟ್ಟ ದೀಪದೊಳಕ್ಕೆ ಹಿಮ್ಮುಖವಾಗಿ ನುಗ್ಗಿ, ಅದರ ತಂತಿಯ ಮೂಲಕ ಕಾರಿನ ಬೇರೆ ದೀಪಗಳಿಗೆ ಹೋಗಿ, ಅಲ್ಲಿಂದ ಬ್ಯಾಟರಿಯನ್ನು ಸೇರುತ್ತದೆ. ಮಿಣುಕುವ ದೀಪ ಕೆಟ್ಟದ್ದಲ್ಲ. ಕೆಟ್ಟ ಸ್ಥಳವು ಕತ್ತಲೆಯಲ್ಲಿ, ಒಂದು ಮೊಳ ದೂರದಲ್ಲಿ, ಬೋಲ್ಟಿನ ಕೆಳಗೆ ಅಡಗಿದೆ.

ಸಂಪರ್ಕವು ಪೂರ್ತಿ ಕಡಿಯದೆ ಅರೆಬರೆಯಾಗಿದ್ದರೆ ಓಮನ ನಿಯಮದಿಂದ ಲೆಕ್ಕ ಹಾಕಬಹುದು. 12 ವೋಲ್ಟಿನ ಬ್ಯಾಟರಿಗೆ ಸೇರಿದ 21 ವಾಟಿನ ದೀಪದಲ್ಲಿ 1.75 ಆಂಪಿಯರ್ ಪ್ರವಾಹ ಹರಿಯುತ್ತದೆ. ಅಂದರೆ ದೀಪದ ರೋಧ ಸುಮಾರು 7 ಓಮ್. ಕೆಟ್ಟ ಸಂಪರ್ಕದಲ್ಲಿ 2 ಓಮ್ ರೋಧವಿದ್ದರೆ ಸುಮಾರು ಎರಡೂವರೆಯಿಂದ ಮೂರು ವೋಲ್ಟುಗಳು ಅಲ್ಲಿಯೇ ಸೋರಿಹೋಗಿ ದೀಪ ಮಂಕಾಗುತ್ತದೆ. ಇದನ್ನು ಕಣ್ಣಿನಿಂದ ಕಾಣಲಾಗದು, ಮಾಪಕದಿಂದ ಕಾಣಬಹುದು. ದೀಪ ಉರಿಯುತ್ತಿರುವಾಗಲೇ ವೋಲ್ಟ್ ಮಾಪಕದ ಒಂದು ತುದಿಯನ್ನು ಬ್ಯಾಟರಿಯ ಋಣಧ್ರುವಕ್ಕೂ ಇನ್ನೊಂದನ್ನು ದೀಪದ ಲೋಹದ ಗೂಡಿಗೂ ಹಿಡಿಯಬೇಕು. ದಾರಿ ಚೊಕ್ಕಟವಾಗಿದ್ದರೆ ಮುಳ್ಳು ಸೊನ್ನೆಯ ಬಳಿಯೇ ನಿಲ್ಲುತ್ತದೆ. ಮೇಲೇರಿದರೆ ಕಳ್ಳನು ಸಿಕ್ಕಂತೆಯೇ. ಬೋಲ್ಟನ್ನು ಬಿಚ್ಚಿ, ಮರಳು ಕಾಗದದಿಂದ ಬಣ್ಣವನ್ನು ಕೆರೆದು, ಲೋಹಕ್ಕೆ ಲೋಹ ತಾಕುವಂತೆ ಬಿಗಿದು, ಮೇಲೆ ಗ್ರೀಸ್ ಸವರಿದರೆ ಕೆಲಸ ಮುಗಿಯಿತು. ಬೇಕಾದ ಖರ್ಚು ಒಂದು ಚೂರು ಕಾಗದ.

ಎಂಜಿನ್ನಿಗೆ ಚಾಲನೆ ಕೊಡುವ ಮೋಟರಿನ ವಿಷಯದಲ್ಲಿ ಇದೇ ದೋಷವು ಹಾಸ್ಯವಾಗಿ ಉಳಿಯುವುದಿಲ್ಲ. ಆ ಮೋಟರು ಒಂದೆರಡು ಕ್ಷಣ ನೂರಕ್ಕೂ ಹೆಚ್ಚು ಆಂಪಿಯರ್ ಪ್ರವಾಹವನ್ನು ಸೆಳೆಯುತ್ತದೆ. 150 ಆಂಪಿಯರ್ ಹರಿಯುವಲ್ಲಿ 0.02 ಓಮಿನಷ್ಟು ಅಲ್ಪ ರೋಧವಿದ್ದರೂ 3 ವೋಲ್ಟು ನಷ್ಟ. ಎಂಜಿನ್ ಕೂತಿರುವುದು ಅದುರದಂತೆ ರಬ್ಬರಿನ ದಿಂಡುಗಳ ಮೇಲೆ. ಆದುದರಿಂದ ಅದಕ್ಕೂ ಚೌಕಟ್ಟಿಗೂ ದಪ್ಪನಾದ ತಾಮ್ರದ ಹೆಣಿಗೆಯ ಪಟ್ಟಿಯೊಂದನ್ನು ಬಿಗಿಯಬೇಕು. ಅದನ್ನು ಮರೆತವರುಂಟು. ಮರೆತರೂ ಕಾರು ಕೆಲವೊಮ್ಮೆ ಹೊರಡುತ್ತದೆ, ಅದೇ ಅಪಾಯ. ಮೋಟರಿನ ಭಾರಿ ಪ್ರವಾಹವು ಬೇರೆ ಲೋಹದ ದಾರಿಯನ್ನು ಹುಡುಕಿಕೊಳ್ಳುತ್ತದೆ, ಮತ್ತು ಎಂಜಿನ್ನಿನಿಂದ ಚೌಕಟ್ಟಿಗೆ ಹೋಗುವ ಲೋಹವೆಂದರೆ ಅನೇಕ ಕಾರುಗಳಲ್ಲಿ ವೇಗವನ್ನು ಹೆಚ್ಚಿಸುವ ಪೆಡಲಿನ ಸಣ್ಣ ಉಕ್ಕಿನ ಕೇಬಲ್ಲೇ. ಅದು ಕಾದು, ಒಳಗಿನ ಹೊದಿಕೆ ಕರಗಿ, ಕೇಬಲ್ಲು ಹಿಡಿದುಕೊಳ್ಳುತ್ತದೆ. ಪೆಡಲಿನಿಂದ ಕಾಲು ತೆಗೆದರೂ ವೇಗ ಇಳಿಯದಿದ್ದರೆ ಚಾಲಕನ ಗತಿಯೇನು? ಕೇಬಲ್ಲು ಬಿಗಿಯಾಯಿತೆಂದು ಹೊಸ ಕೇಬಲ್ಲನ್ನು ಹಾಕಿ ಸುಮ್ಮನಾಗುವವನು ರೋಗವನ್ನು ಬಿಟ್ಟು ನೋವಿಗೆ ಮದ್ದು ಕೊಟ್ಟವನು.

ಕಾರಿನ ದೋಷವು ಕಾಣಿಸಿಕೊಂಡಲ್ಲಿಯೇ ಇರುತ್ತದೆಂದು ನಂಬಬಾರದೆಂಬುದನ್ನು ಅನುಭವಸ್ಥರು ಹೀಗೆ ಕಲಿತರು. ಅವರು ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ. ಮೂರನ್ನು ಒಟ್ಟಿಗೆ ಬದಲಿಸಿದಾಗ ಕಾರು ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಸರಿಹೋಗದಿದ್ದರೆ ಹೊಸದೊಂದು ತಪ್ಪು ಸೇರಿತೋ ಏನೋ ಎಂದು ತಿಳಿಯದು. ಪಕ್ಕದಲ್ಲಿ ಒಂದು ಟಿಪ್ಪಣಿ ಪುಸ್ತಕ. ಅದರಲ್ಲಿ ತಂತಿಗಳ ಬಣ್ಣ, ಬದಲಿಸಿದ ದಿನ, ಕಂಡ ಫಲ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯಿಂದ ನೇರ ಬರುವ ತಂತಿಗೆ ಕಂದು ಬಣ್ಣ, ಮರಳುವ ತಂತಿಗೆ ಕಪ್ಪು ಎಂದು ಸಂಪ್ರದಾಯವಿತ್ತು. ತಂತಿ ಸಾಲದೆ ಕಪ್ಪಿನ ಬದಲು ಕೆಂಪನ್ನು ಹಾಕಿ ಮುಗಿಸಿದವನು ಎರಡು ವರ್ಷಗಳ ಮೇಲೆ ತನ್ನನ್ನೇ ಶಪಿಸಿಕೊಳ್ಳುತ್ತಾನೆ.

ಎಂಜಿನ್ ಅತಿಯಾಗಿ ಕಾಯುವುದಕ್ಕೂ ಇಂತಹ ಮರೆಯ ಕಾರಣವುಂಟು. ಈ ಕಾರುಗಳ ಮೂತಿ ತಗ್ಗು. ನೀರನ್ನು ತಣಿಸುವ ರೇಡಿಯೇಟರು ಎಂಜಿನ್ನಿಗಿಂತ ಕೆಳಗಿರುತ್ತದೆ. ನೀರು ತುಂಬುವಾಗ ಗಾಳಿಯು ಎತ್ತರದ ಕೊಳವೆಯೊಂದರಲ್ಲಿ ಸಿಕ್ಕಿಕೊಂಡರೆ ನೀರು ಸುತ್ತದೆ ನಿಲ್ಲುತ್ತದೆ. ಕೊಳವೆಯ ತಿರುಪನ್ನು ಸಡಿಲಿಸಿ ಗಾಳಿಯನ್ನು ಹೊರಬಿಡುವುದೇ ಉಪಾಯ. ಕಾದಿರುವಾಗ ಮುಚ್ಚಳವನ್ನು ಮಾತ್ರ ತೆರೆಯಬಾರದು. ಒತ್ತಡದಲ್ಲಿ ನೀರು ನೂರು ಡಿಗ್ರಿ ಸೆಲ್ಸಿಯಸ್ ದಾಟಿದರೂ ಕುದಿಯದೆ ಇರುತ್ತದೆ. ಮುಚ್ಚಳ ತೆರೆದೊಡನೆ ಕುದಿದು ಮುಖಕ್ಕೆ ಎರಚುತ್ತದೆ.

ಬ್ರೇಕಿನಲ್ಲಿ ಸೇರಿದ ಗಾಳಿಯೂ ಹಾಗೆಯೇ ಕಣ್ಣಿಗೆ ಕಾಣದು. ದ್ರವವನ್ನು ಒತ್ತಿದರೆ ಅದು ಕುಗ್ಗದೆ ಬಲವನ್ನು ಚಕ್ರಕ್ಕೆ ಮುಟ್ಟಿಸುತ್ತದೆ, ಗಾಳಿ ಕುಗ್ಗಿಬಿಡುತ್ತದೆ. ಪೆಡಲು ಮೆತ್ತಗೆ ಒಳಹೋದರೆ ಕಾರನ್ನು ಕೊಟ್ಟಿಗೆಯಿಂದ ಹೊರಗೆ ತೆಗೆಯಕೂಡದು. ಇಲ್ಲಿ ಪ್ರಯೋಗಕ್ಕೆ ಎಡೆಯಿಲ್ಲ. ಎಷ್ಟೇ ನುರಿತವನಾದರೂ ತನ್ನ ಬ್ರೇಕಿನ ಕೆಲಸವನ್ನು ಇನ್ನೊಬ್ಬ ಬಲ್ಲವನಿಗೆ ತೋರಿಸುವುದು ವಿವೇಕ. ಮಾಡಿದವನ ಕಣ್ಣು ತಾನು ಮಾಡಿದ್ದನ್ನೇ ಕಾಣುತ್ತದೆ, ಬಿಟ್ಟದ್ದನ್ನು ಕಾಣುವುದಿಲ್ಲ.

ಹೊಸ ಕಾರು ನಡುಗಿ ನಡುಗಿ ಬಿಗಿದ ನಟ್ಟುಗಳು ಸಡಿಲವಾಗುವುದುಂಟು. ಅದಕ್ಕಾಗಿ ಕಟ್ಟುವವರು ಒಂದು ಸರಳವಾದ ಕ್ರಮವನ್ನು ಪಾಲಿಸುತ್ತಾರೆ. ಸರಿಯಾದ ಬಲದಿಂದ ಬಿಗಿದ ಪ್ರತಿಯೊಂದು ನಟ್ಟಿನ ಮೇಲೂ, ಅದರ ಪಕ್ಕದ ಲೋಹದ ಮೇಲೂ ಹಾಯುವಂತೆ ಬಣ್ಣದ ಗೆರೆಯೊಂದನ್ನು ಎಳೆಯುತ್ತಾರೆ. ನಟ್ಟು ಕೂದಲೆಳೆಯಷ್ಟು ತಿರುಗಿದರೂ ಗೆರೆ ಮುರಿದಂತೆ ತೋರುತ್ತದೆ. ಭಾನುವಾರ ಬೆಳಗ್ಗೆ, ಊರು ಇನ್ನೂ ಏಳುವ ಮೊದಲೇ, ಒಡೆಯನು ದೀಪವೊಂದನ್ನು ಹಿಡಿದು ಕಾರನ್ನು ಒಂದು ಸುತ್ತು ಬರುತ್ತಾನೆ. ನಾಲ್ಕು ಚಕ್ರಗಳ ಗೆರೆಗಳೂ ನೆಟ್ಟಗಿವೆ. ಚುಕ್ಕಾಣಿಯ ಬುಡದಲ್ಲಿ ಒಂದು ಗೆರೆ ತುಸು ಓರೆಯಾಗಿದೆ. ಅವನು ಮೇಲಂಗಿಯನ್ನು ಕಳಚಿಟ್ಟು ಸ್ಪ್ಯಾನರನ್ನು ಕೈಗೆತ್ತಿಕೊಳ್ಳುತ್ತಾನೆ.