ಆರನೇ ತರಗತಿಯ ಬೆನ್ನುನೋವು

2008ರ ಏಪ್ರಿಲ್‌ನಲ್ಲಿ ಐಪಿಎಲ್‌ನ ಮೊತ್ತಮೊದಲ ಪಂದ್ಯಕ್ಕೆಂದು ಅಮೆರಿಕದ ಚಿಯರ್‌ಲೀಡರ್‌ಗಳು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಬಂದಿಳಿದಿದ್ದರು. ಅಂದಿನಿಂದ ನಮ್ಮ ಮನೆಗಳಲ್ಲಿ ಚಿಯರ್‌ಲೀಡಿಂಗ್ ಎಂದರೆ ಬೌಂಡರಿ ಗೆರೆಯ ಬಳಿ ಬಣ್ಣದ ಕುಚ್ಚು ಬೀಸುವುದು ಎಂದೇ ಲೆಕ್ಕ. ಆದರೆ ಇಲ್ಲಿ ಸಿಂಗಪುರದ ಶಾಲಾ ಕಾಲೇಜುಗಳ ಸಭಾಂಗಣದಲ್ಲಿ ನಡೆಯುವುದು ಬೇರೆಯೇ ಆಟ. ಅದು ಅರ್ಧ ಜಿಮ್ನಾಸ್ಟಿಕ್ಸ್, ಅರ್ಧ ಭಾರ ಎತ್ತುವ ಕಸರತ್ತು. 2021ರ ಜುಲೈನಲ್ಲಿ ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ ಇದರ ಜಾಗತಿಕ ಸಂಸ್ಥೆಗೆ ಪೂರ್ಣ ಮಾನ್ಯತೆ ಕೊಟ್ಟಿದೆ. ಹಾಗಾಗಿ ಇನ್ನು ಇದನ್ನು ಹುಡುಗಿಯರ ಶೋಕಿ ಎಂದು ತಳ್ಳಿಹಾಕುವಂತಿಲ್ಲ.

ಒಂದು ಸ್ಟಂಟ್ ಹೇಗಿರುತ್ತದೆ ನೋಡಿ. ಇಬ್ಬರು ಎದುರುಬದುರು ನಿಂತು ಅಂಗೈ ಜೋಡಿಸುತ್ತಾರೆ, ಇವರು ಬೇಸ್. ಹಿಂದೆ ನಿಂತವಳು ಬ್ಯಾಕ್‌ಸ್ಪಾಟ್. ತಂಡದಲ್ಲೇ ಹಗುರಾದವಳು ಫ್ಲೈಯರ್. ಅವಳು ಆ ಅಂಗೈಗಳ ಮೇಲೆ ಕಾಲಿಟ್ಟು ಏರುತ್ತಾಳೆ, ಮೊದಲು ಎದೆಮಟ್ಟಕ್ಕೆ, ಆಮೇಲೆ ಬೇಸ್‌ಗಳ ತೋಳು ಪೂರ್ತಿ ಚಾಚಿದ ಎತ್ತರಕ್ಕೆ. ಅಲ್ಲಿ ಒಂಟಿಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಬೆನ್ನ ಹಿಂದಿನಿಂದ ಮೇಲೆತ್ತಿ, ಪಾದವನ್ನು ಕೈಯಲ್ಲಿ ಹಿಡಿದು ನೆತ್ತಿಯವರೆಗೆ ಎಳೆದುಕೊಳ್ಳಬೇಕು. ಇದರ ಹೆಸರು ಸ್ಕಾರ್ಪಿಯನ್, ಅಂದರೆ ಚೇಳು. ಅಷ್ಟು ಹೊತ್ತೂ ಮುಖದ ಮೇಲಿನ ನಗು ಮಾಸಬಾರದು. ಸರಿಬರುವ ತನಕ ಒಂದು ಸಂಜೆಗೆ ಹತ್ತಾರು ಸಲ ಇದೇ ಆಗುತ್ತದೆ, ಮತ್ತು ಸಾಮಾನ್ಯವಾಗಿ ನಿಲ್ಲುವ ಕಾಲೂ ಎಳೆಯುವ ಕಾಲೂ ಬದಲಾಗುವುದಿಲ್ಲ.

ಬಿದ್ದು ಆಗುವ ಅಪಾಯದ ಬಗ್ಗೆ ಅಮೆರಿಕದಲ್ಲಿ ಬೇಕಾದಷ್ಟು ಲೆಕ್ಕ ಸಿಗುತ್ತದೆ. ಅಲ್ಲಿನ ಮಕ್ಕಳ ವೈದ್ಯರ ಸಂಸ್ಥೆ, ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2012ರಲ್ಲೇ ಎಚ್ಚರಿಕೆಯ ಹೇಳಿಕೆ ಹೊರಡಿಸಿತ್ತು. 2016ರಲ್ಲಿ ಪ್ರಕಟವಾದ ಪ್ರೌಢಶಾಲೆಗಳ ಅಧ್ಯಯನವೊಂದರಲ್ಲಿ, ಒಟ್ಟು ಗಾಯದ ಪ್ರಮಾಣದಲ್ಲಿ 22 ಕ್ರೀಡೆಗಳ ಪೈಕಿ ಚಿಯರ್‌ಲೀಡಿಂಗ್‌ನದು 18ನೇ ಸ್ಥಾನ. ಕೇಳಲು ಸಮಾಧಾನವೇ. ಆದರೆ ಆದ ಗಾಯಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸ್ಟಂಟ್‌ನಿಂದ ಆದವು, ಶೇ. 31ರಷ್ಟು ತಲೆಗೆ ಪೆಟ್ಟು ಬಿದ್ದು ಆದ ಕನ್‌ಕಶನ್. ಈ ಲೇಖನದ ಕಾಳಜಿ ಮಾತ್ರ ಬೀಳುವುದರ ಕುರಿತಲ್ಲ. ಬಿದ್ದ ಮಗುವನ್ನು ಎಲ್ಲರೂ ನೋಡುತ್ತಾರೆ, ಆಸ್ಪತ್ರೆಗೆ ಓಡುತ್ತಾರೆ. ಬೀಳದೆ, ಸದ್ದಿಲ್ಲದೆ, ದಿನಾ ಒಂದಿಷ್ಟು ಸವೆಯುವ ಮೂಳೆ ಯಾವ ತುರ್ತು ಚಿಕಿತ್ಸಾ ಘಟಕದ ಪಟ್ಟಿಯಲ್ಲೂ ಇರುವುದಿಲ್ಲ.

ನಮ್ಮ ಬೆನ್ನುಮೂಳೆಯ ಪ್ರತಿ ಕಶೇರುವಿನ ಹಿಂಬದಿಯಲ್ಲಿ, ಮೇಲಿನ ಮತ್ತು ಕೆಳಗಿನ ಕೀಲುಗಳ ನಡುವೆ, ಒಂದು ಸಪೂರ ಎಲುಬಿನ ಸೇತುವೆ ಇದೆ. ಬೆನ್ನನ್ನು ಹಿಂದಕ್ಕೆ ಬಾಗಿಸಿದಾಗಲೆಲ್ಲ ಒತ್ತಡ ಬೀಳುವುದು ಅದರ ಮೇಲೆ. ವಿಶ್ರಾಂತಿಯಿಲ್ಲದೆ ಮತ್ತೆ ಮತ್ತೆ ಬಾಗಿದರೆ ಅಲ್ಲಿ ಸ್ಟ್ರೆಸ್ ಫ್ರಾಕ್ಚರ್ ಆಗುತ್ತದೆ. ವೈದ್ಯರು ಇದನ್ನು ಸ್ಪಾಂಡಿಲೋಲಿಸಿಸ್ ಎನ್ನುತ್ತಾರೆ. ಕ್ರಿಕೆಟ್‌ನ ವೇಗದ ಬೌಲರ್‌ಗಳನ್ನು ತಿಂಗಳುಗಟ್ಟಲೆ ಮನೆಯಲ್ಲಿ ಕೂರಿಸುವ ಬೇನೆಯೂ ಇದೇ. ಬಾಸ್ಟನ್‌ನ ವೈದ್ಯರು 1995ರಲ್ಲಿ ಪ್ರಕಟಿಸಿದ ಹೋಲಿಕೆಯೊಂದು ಇಂದಿಗೂ ಪಾಠದಂತಿದೆ. ಸೊಂಟನೋವೆಂದು ಬಂದ 100 ಮಂದಿ ಹದಿಹರೆಯದ ಕ್ರೀಡಾಪಟುಗಳಲ್ಲಿ 47 ಮಂದಿಗೆ ಈ ಬಿರುಕಿತ್ತು. ಅದೇ ದೂರು ಹೇಳಿದ 100 ಮಂದಿ ವಯಸ್ಕರಲ್ಲಿ ಐವರಿಗೆ ಮಾತ್ರ. ಅಂದರೆ ಅಪ್ಪನ ಸೊಂಟನೋವಿಗೆ ಹಚ್ಚುವ ಮುಲಾಮನ್ನೇ ಮಗಳ ಸೊಂಟಕ್ಕೂ ಹಚ್ಚಿ ಸುಮ್ಮನಾದರೆ ಅರ್ಧದಷ್ಟು ಸಲ ತಪ್ಪುತ್ತೇವೆ.

ಬೇಸ್ ಆದವಳ ಕಷ್ಟ ಬೇರೆ. ಮಣಿಕಟ್ಟಿನ ಬಳಿ, ಮೂಳೆಯ ತುದಿಯಲ್ಲಿ ಇನ್ನೂ ಮೃದ್ವಸ್ಥಿಯಾಗಿಯೇ ಇರುವ ಗ್ರೋತ್ ಪ್ಲೇಟ್ ಭಾರ ತಾಳಲಾರದೆ ಊದಿಕೊಳ್ಳುತ್ತದೆ. ಲಾಗ ಹಾಕುವವರಿಗೆ, ನೆಗೆಯುವವರಿಗೆ ಹಿಮ್ಮಡಿ ಮತ್ತು ಮಂಡಿಚಿಪ್ಪಿನ ಕೆಳಗೆ ನೋವು.

ಇಷ್ಟೆಲ್ಲ ಯಾವ ವಯಸ್ಸಿನಲ್ಲಿ ಆಗುತ್ತದೆ ಎಂಬುದೇ ಮುಖ್ಯ. ಕೆನಡಾದ ಸಸ್ಕಾಚುವಾನ್ ವಿಶ್ವವಿದ್ಯಾಲಯದವರು 1991ರಿಂದ ವರ್ಷವರ್ಷವೂ ಅದೇ ಮಕ್ಕಳ ಮೂಳೆ ಅಳೆಯುತ್ತಾ ಹೋದರು. ಹುಡುಗಿಯರು ಅತಿ ವೇಗವಾಗಿ ಎತ್ತರವಾಗುವುದು ಸರಾಸರಿ 11.8ನೇ ವಯಸ್ಸಿನಲ್ಲಿ. ಮೂಳೆಗೆ ಖನಿಜ ಅತಿ ವೇಗವಾಗಿ ತುಂಬುವುದು 12.5ರಲ್ಲಿ. ನಡುವಿನ ಆ ಎಂಟೊಂಬತ್ತು ತಿಂಗಳು ಮೂಳೆ ಉದ್ದವಾಗಿದೆ, ಗಟ್ಟಿಯಾಗಿಲ್ಲ. ಇನ್ನೊಂದು ಅಂಶವನ್ನೂ ಅವರೇ ಕಂಡರು: ದೊಡ್ಡವರ ಮೂಳೆಯಲ್ಲಿರುವ ಖನಿಜದ ಸುಮಾರು ಕಾಲುಭಾಗ ಸೇರುವುದು ಈ ಘಟ್ಟದ ಎರಡೇ ವರ್ಷಗಳಲ್ಲಿ.

ಈಗ ಸಿಂಗಪುರದ ಶಾಲೆಯ ಪಂಚಾಂಗ ತೆಗೆಯಿರಿ. ಪ್ರೈಮರಿ ಆರರ ಮಗುವಿಗೆ ಆ ವರ್ಷ 12 ತುಂಬುತ್ತದೆ. ಅದೇ ವರ್ಷ ಪ್ರೈಮರಿ ಮುಗಿಸುವ ಪಿಎಸ್‌ಎಲ್‌ಇ ಪರೀಕ್ಷೆ. ಅದಕ್ಕೂ ಮುಂಚೆ, ಮೇ ತಿಂಗಳ ಹೊತ್ತಿಗೆ, ಡಿಎಸ್‌ಎ ಅರ್ಜಿ. 2004ರಲ್ಲಿ ಶುರುವಾದ ಈ ಏರ್ಪಾಡಿನಲ್ಲಿ ಆಟ, ನೃತ್ಯ, ಸಂಗೀತದಂಥ ಪ್ರತಿಭೆಯ ಬಲದ ಮೇಲೆ, ಪರೀಕ್ಷೆಗೆ ಮುನ್ನವೇ ಸೆಕೆಂಡರಿ ಶಾಲೆಯಲ್ಲಿ ಸೀಟು ಸಿಗಬಹುದು. 2018ರಿಂದ ಪ್ರತಿ ಸೆಕೆಂಡರಿ ಶಾಲೆಯೂ ಶೇ. 20ರಷ್ಟು ಸೀಟುಗಳನ್ನು ಹೀಗೆ ತುಂಬಿಸಬಹುದು. ಅಂಕದ ಆಚೆಗೂ ಮಕ್ಕಳನ್ನು ನೋಡಬೇಕೆಂಬ ಆಶಯ ಒಳ್ಳೆಯದೇ; ಅದನ್ನು ನಾನು ಹಳಿಯುವುದಿಲ್ಲ. ಆದರೆ ಪದಕವಿದ್ದರೆ ಅರ್ಜಿಗೆ ಬಲ, ಪದಕಕ್ಕೆ ಒಂದೇ ಆಟದಲ್ಲಿ ಗಂಟೆಗಟ್ಟಲೆ ಅಭ್ಯಾಸ ಬೇಕು. ಆ ಗಂಟೆಗಳೆಲ್ಲ ಬೀಳುವುದು ಪ್ರೈಮರಿ ನಾಲ್ಕರಿಂದ ಆರರ ನಡುವೆ. ಹುಡುಗಿಯ ಮೂಳೆ ಅತ್ಯಂತ ಎಳಸಾಗಿರುವ ಕಾಲಕ್ಕೂ ಅಭ್ಯಾಸ ಅತ್ಯಂತ ಬಿರುಸಾಗುವ ಕಾಲಕ್ಕೂ ಇಲ್ಲಿ ಸರಿಯಾಗಿ ಗಂಟು ಬಿದ್ದಿದೆ. ಹುಡುಗರಿಗೆ ಈ ಘಟ್ಟ ಸುಮಾರು ಎರಡು ವರ್ಷ ತಡ. ಹೆಚ್ಚು ಹೊಡೆತ ಹುಡುಗಿಯರಿಗೆ. ಜಿಮ್ನಾಸ್ಟಿಕ್ಸ್ ಕ್ಲಬ್‌ನಿಂದಲೋ ನೃತ್ಯದಿಂದಲೋ ಮುಂದೆ ಚಿಯರ್ ತಂಡಕ್ಕೆ ಬರುವವಳು ಅಷ್ಟರಲ್ಲೇ ಸೊಂಟದಲ್ಲಿ ಎಂಥದೋ ನೋವು ಹೊತ್ತು ಬಂದಿರಬಹುದು.

ಇಲ್ಲಿನ ಕನ್ನಡಿಗರ ಮನೆಯೊಂದರ ಒಂದು ವಾರವನ್ನೇ ಊಹಿಸಿ. ಹನ್ನೊಂದರ ಹುಡುಗಿ. ಶಾಲೆಯ ಪಠ್ಯೇತರ ಚಟುವಟಿಕೆ, ಅಂದರೆ ಸಿಸಿಎ, ವಾರಕ್ಕೆ ಎರಡು ದಿನ, ಒಟ್ಟು ನಾಲ್ಕು ಗಂಟೆ. ಜಿಮ್ನಾಸ್ಟಿಕ್ಸ್ ಕ್ಲಬ್ ಮೂರು ದಿನ, ಆರು ಗಂಟೆ. ಶನಿವಾರ ಭರತನಾಟ್ಯ, ಮನೆಯ ಅಭ್ಯಾಸವೂ ಸೇರಿ ಮೂರು ಗಂಟೆ. ಕನ್ನಡ ಸಂಘದ ರಾಜ್ಯೋತ್ಸವ ಹತ್ತಿರವಿದ್ದರೆ ಭಾನುವಾರ ಯಾರದೋ ಕಾಂಡೊದ ಹಾಲ್‌ನಲ್ಲಿ ಗುಂಪುನೃತ್ಯದ ತಾಲೀಮು, ಎರಡು ಗಂಟೆ. ಶಾಲೆಯಲ್ಲಿ ಕನ್ನಡ ಇಲ್ಲದ್ದರಿಂದ ಹಿಂದಿಯೋ ತಮಿಳೋ ಕಲಿಯಲು ಹೋಗುವ ಹೊತ್ತು, ಗಣಿತದ ಟ್ಯೂಷನ್ ಬೇರೆ. ಮೈ ದಣಿಸುವ ಗಂಟೆಗಳನ್ನಷ್ಟೇ ಕೂಡಿದರೂ 15. ಶಿಕಾಗೊ ಸುತ್ತಮುತ್ತಲಿನ ಸುಮಾರು 1200 ಮಕ್ಕಳನ್ನು ಪರಿಶೀಲಿಸಿ ಕ್ರೀಡಾವೈದ್ಯ ನೀರು ಜಯಂತಿ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುವುದು ಇಷ್ಟು: ಮಗುವಿನ ವಯಸ್ಸೆಷ್ಟೋ ಅದಕ್ಕಿಂತ ಹೆಚ್ಚು ಗಂಟೆ ವಾರಕ್ಕೆ ತರಬೇತಿ ನಡೆದರೆ, ಅಥವಾ ತರಬೇತಿ ಮನಬಂದಂತೆ ಆಡುವ ಆಟದ ಎರಡು ಪಟ್ಟು ಮೀರಿದರೆ, ಗಂಭೀರ ಅತಿಬಳಕೆಯ ಗಾಯದ ಸಂಭವ ಏರುತ್ತದೆ. ಹನ್ನೊಂದರವಳಿಗೆ ಹದಿನೈದು ಗಂಟೆ. ಫ್ಲ್ಯಾಟ್‌ಗಳ ಕೆಳಗಿನ ವಾಯ್ಡ್ ಡೆಕ್‌ನಲ್ಲಿ ಗೆಳತಿಯರೊಂದಿಗೆ ಸುಮ್ಮನೆ ಓಡಾಡುವ ಹೊತ್ತು, ಬಹುಶಃ ಸೊನ್ನೆ.

“ನಮ್ಮವಳು ಒಂದೇ ಆಟಕ್ಕೆ ಅಂಟಿಕೊಂಡಿಲ್ಲವಲ್ಲ, ಮೂರು ನಾಲ್ಕು ಮಾಡುತ್ತಾಳೆ” ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ಮನಸ್ಸಿಗೆ ಅವು ಬೇರೆ ಬೇರೆ, ಮೂಳೆಗಲ್ಲ. ಜಿಮ್ನಾಸ್ಟಿಕ್ಸ್‌ನಲ್ಲೂ ಚಿಯರ್‌ನಲ್ಲೂ ಬಾಗುವುದು ಅದೇ ಸೊಂಟ, ಧುಮುಕಿ ನಿಲ್ಲುವುದು ಅದೇ ಹಿಮ್ಮಡಿ. ಅರೆಮಂಡಿಯಲ್ಲಿ ಕೂತು ಟೈಲ್ಸ್ ನೆಲದ ಮೇಲೆ ಬರಿಗಾಲಲ್ಲಿ ತಟ್ಟಡವು ಹೊಡೆದರೆ ಆ ಹಿಮ್ಮಡಿಗೆ ಇನ್ನಷ್ಟು ಪೆಟ್ಟು. ಮೂವರು ಗುರುಗಳಿಗೂ ತಮ್ಮ ತಮ್ಮ ಗಂಟೆ ಮಾತ್ರ ಗೊತ್ತು. ಕೂಡಿ ಲೆಕ್ಕ ಹಾಕುವವರು ಯಾರೂ ಇಲ್ಲ, ಅಮ್ಮನೊಬ್ಬಳು ಹಾಕಿದರೆ ಉಂಟು. ನಿಜವಾದ ವೈವಿಧ್ಯವೆಂದರೆ ಈಜು, ಸೈಕಲ್, ಚೆಂಡು ಹಿಡಿಯುವ ಆಟ. ಪ್ರೈಮರಿ ಶಾಲೆಗಳಲ್ಲಿ ಹೇಗೂ ಸ್ವಿಮ್‌ಸೇಫರ್ ಎಂಬ ಈಜು ಪಾಠ ಕಲಿಸುತ್ತಾರೆ, ಈಜುಕೊಳಕ್ಕಂತೂ ಈ ಊರಿನಲ್ಲಿ ಬರವಿಲ್ಲ.

ತಂಡದೊಳಗೂ ಬೇಕಾದಷ್ಟು ಮಾಡಬಹುದು. ಫ್ಲೈಯರ್ ಆದವಳು ಎರಡೂ ಕಾಲಲ್ಲಿ ನಿಲ್ಲಲು ಕಲಿಯಲಿ. ಮೈಕಟ್ಟು ಒಪ್ಪಿದರೆ ಬೇಸ್, ಬ್ಯಾಕ್‌ಸ್ಪಾಟ್ ಕೆಲಸವನ್ನೂ ಕಲಿಯಲಿ. ತೋಳೂ ಹೊಟ್ಟೆಯ ಸ್ನಾಯುವೂ ಗಟ್ಟಿಯಾಗುವ ಮೊದಲೇ ಚೇಳಿನ ಭಂಗಿಗೆ ಹಾರಬಾರದು. ನಾರ್ವೆಯಲ್ಲಿ 13ರಿಂದ 17ರ ಸುಮಾರು 1900 ಫುಟ್‌ಬಾಲ್ ಹುಡುಗಿಯರ ಮೇಲೆ ನಡೆದ ಪ್ರಯೋಗ 2008ರಲ್ಲಿ ಪ್ರಕಟವಾಯಿತು. ಅಭ್ಯಾಸಕ್ಕೆ ಮುನ್ನ ಸುಮಾರು 20 ನಿಮಿಷ, ಸಮತೋಲನ, ಬಲ ಮತ್ತು ಸರಿಯಾಗಿ ಧುಮುಕುವುದನ್ನು ಕಲಿಸುವ ವಾರ್ಮಪ್ ಮಾಡಿದ ತಂಡಗಳಲ್ಲಿ ಅತಿಬಳಕೆಯ ಗಾಯಗಳು ಅರ್ಧದಷ್ಟಾದವು. ಫುಟ್‌ಬಾಲೇ ಬೇರೆ, ಚಿಯರ್ ಬೇರೆ, ಒಪ್ಪುತ್ತೇನೆ. ಮಂಡಿ ಮಾತ್ರ ಒಂದೇ. ನಿದ್ದೆಯ ಮಾತನ್ನೂ ಸೇರಿಸಬೇಕು. ಲಾಸ್ ಏಂಜಲೀಸ್‌ನ 2014ರ ಅಧ್ಯಯನವೊಂದು ಎಂಟು ಗಂಟೆಗಿಂತ ಕಡಿಮೆ ಮಲಗುವ ಹದಿಹರೆಯದವರಿಗೆ ಗಾಯದ ಸಂಭವ 1.7 ಪಟ್ಟು ಎಂದು ಕಂಡಿತು. ಇನ್ನು ಹಗುರವಾಗಿರಬೇಕೆಂದು ಫ್ಲೈಯರ್ ಹುಡುಗಿ ಊಟ ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಉಣ್ಣುವುದು ಕಡಿಮೆಯಾಗಿ ದಣಿಯುವುದು ಹೆಚ್ಚಾದರೆ ಮುಟ್ಟು ತಡವಾಗುತ್ತದೆ ಅಥವಾ ನಿಲ್ಲುತ್ತದೆ, ಮೂಳೆ ಸೊರಗುತ್ತದೆ. ಟೆಕ್ಕಾ ಮಾರುಕಟ್ಟೆಯಿಂದ ತಂದ ರಾಗಿಹಿಟ್ಟಿನ ನೂರು ಗ್ರಾಮಿನಲ್ಲಿ 350 ಮಿಲಿಗ್ರಾಂ ಆಸುಪಾಸು ಕ್ಯಾಲ್ಸಿಯಂ ಇದೆ. ಮುದ್ದೆ ಬೇಡವೆಂದರೆ ರೊಟ್ಟಿಯಾದರೂ ತಿನ್ನಲಿ.

ಅಮೆರಿಕದ ಮಕ್ಕಳ ವೈದ್ಯರು 2016ರಲ್ಲಿ ಇನ್ನೊಂದು ಸಲಹೆ ಕೊಟ್ಟರು: ಮುಖ್ಯ ಆಟದಿಂದ ವಾರಕ್ಕೆ ಒಂದೆರಡು ದಿನ, ವರ್ಷಕ್ಕೆ ಒಂದೊಂದು ತಿಂಗಳ ಕಂತಿನಲ್ಲಿ ಒಟ್ಟು ಮೂರು ತಿಂಗಳು ಬಿಡುವು. ಸಿಂಗಪುರದ ಶಾಲಾ ರಜೆಗಳನ್ನು ಕೂಡಿ ನೋಡಿ. ಮಾರ್ಚ್‌ನಲ್ಲಿ ಒಂದು ವಾರ, ಜೂನ್‌ನಲ್ಲಿ ನಾಲ್ಕು, ಸೆಪ್ಟೆಂಬರ್‌ನಲ್ಲಿ ಒಂದು, ವರ್ಷದ ಕೊನೆಗೆ ಆರು. ಒಟ್ಟು 12 ವಾರ. ಬಿಡುವು ಆಗಲೇ ಪಂಚಾಂಗದಲ್ಲಿ ಬರೆದಿಟ್ಟಿದೆ. ಆ ವಾರಗಳಲ್ಲೇ ಕ್ಯಾಂಪ್ ಹಾಕಿ, ದಿನಕ್ಕೆ ಎರಡು ಹೊತ್ತು ಅಭ್ಯಾಸ ಮಾಡಿಸಿ ತುಂಬಿಸುವವರು ದೊಡ್ಡವರು.

ಬಿಟ್ಟರೆ ಹಿಂದೆ ಬೀಳುತ್ತಾಳೆ ಎಂಬ ಭಯಕ್ಕೂ ಪುರಾವೆಯಲ್ಲಿ ಉತ್ತರವಿದೆ. 6000ಕ್ಕೂ ಹೆಚ್ಚು ಕ್ರೀಡಾಪಟುಗಳ ಮಾಹಿತಿ ಒಟ್ಟುಗೂಡಿಸಿದ ಜರ್ಮನಿಯ ಸಂಶೋಧಕ ಆರ್ನೆ ಗುಲಿಷ್ ತಂಡಕ್ಕೆ ಕಂಡದ್ದೇನೆಂದರೆ, ದೊಡ್ಡವರಾದ ಮೇಲೆ ವಿಶ್ವಮಟ್ಟ ಮುಟ್ಟಿದವರು ಬಾಲ್ಯದಲ್ಲಿ ಹಲವು ಆಟ ಆಡಿದ್ದರು, ಮುಖ್ಯ ಆಟವನ್ನು ತಡವಾಗಿ ಹಿಡಿದಿದ್ದರು. ಬಾಲ್ಯದಲ್ಲೇ ಮಿಂಚಿದವರ ಕಥೆ ಇದಕ್ಕೆ ತಿರುಗುಮುರುಗು. ಚಿಕ್ಕವಯಸ್ಸಿನಲ್ಲೇ ತುದಿ ಮುಟ್ಟಬೇಕಾದ ಜಿಮ್ನಾಸ್ಟಿಕ್ಸ್‌ನವರು ಈ ಮಾತಿಗೆ ತಕರಾರು ತೆಗೆಯಬಹುದು. ಚಿಯರ್‌ಗೆ ಆ ಅವಸರವೇ ಇಲ್ಲ. ಪಾಲಿಟೆಕ್ನಿಕ್‌ಗೋ ವಿಶ್ವವಿದ್ಯಾಲಯಕ್ಕೋ ಸೇರಿದ ಮೇಲೆ ಮೊದಲ ಬಾರಿಗೆ ಸ್ಟಂಟ್ ಕಲಿತು ತಂಡ ಸೇರುವವರು ಸಿಂಗಪುರದಲ್ಲಿ ಎಷ್ಟೋ ಮಂದಿ.

ಮೂರು ತಿಂಗಳಿಗೊಮ್ಮೆ ಮಗಳನ್ನು ಬಾಗಿಲ ಚೌಕಟ್ಟಿಗೆ ನಿಲ್ಲಿಸಿ ಎತ್ತರ ಗುರುತು ಹಾಕಿ. ಎರಡು ಸೆಂಟಿಮೀಟರ್ ಏರಿದ್ದರೆ ಜಿಗಿತದ ಘಟ್ಟ ಬಂದಿದೆ ಎಂದು ತಿಳಿದು, ಬೆನ್ನು ಬಾಗಿಸುವುದನ್ನೂ ಧುಮುಕುವುದನ್ನೂ ಕೋಚ್‌ಗೆ ಹೇಳಿ ಕಡಿಮೆ ಮಾಡಿಸಿ. ಹಿಂದಕ್ಕೆ ಬಾಗಿದಾಗ ನೋವು ಎರಡು ವಾರ ದಾಟಿದರೆ ಕೆಕೆ ಆಸ್ಪತ್ರೆಯಂಥ ಕಡೆ, ಮಕ್ಕಳ ಕ್ರೀಡಾಗಾಯ ನೋಡುವ ವೈದ್ಯರಲ್ಲಿಗೆ ಹೋಗಿ. ಶುರುವಿನ ಬಿರುಕು ಎಕ್ಸ್‌ರೇಯಲ್ಲಿ ಕಾಣದೇ ಹೋಗಬಹುದು, ಎಂಆರ್‌ಐ ಬೇಕಾದೀತು. “ಸೊಂಟನೋವು” ಎಂದಷ್ಟೇ ಹೇಳಿದರೆ ಸ್ನಾಯು ಸೆಳೆತವೆಂದು ಮಾತ್ರೆ ಕೊಟ್ಟು ಕಳಿಸಬಹುದು. “ಹಿಂದಕ್ಕೆ ಬಾಗಿದಾಗ ಮಾತ್ರ ನೋಯುತ್ತದೆ, ವಾರಕ್ಕೆ 15 ಗಂಟೆ ಅಭ್ಯಾಸ ಮಾಡುತ್ತಾಳೆ” ಎಂದು ಎರಡನ್ನೂ ಬಿಡಿಸಿ ಹೇಳಿ.